ವಿಯರ್ ನದಿಯ ದಂಡೆಯ ದೀಪ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ವಿಯರ್ ನದಿಯು ಉತ್ತರ ಸಮುದ್ರವನ್ನು ಸೇರುವೆಡೆಯಲ್ಲಿ, ಸಂಡರ್‌ಲೆಂಡ್ ನಗರವಿದೆ. ಒಂದು ಕಾಲಕ್ಕೆ ಈ ನದಿಯ ಎರಡು ದಂಡೆಗಳೂ ಹಡಗು ಕಟ್ಟುವವರ ಸುತ್ತಿಗೆಯ ಸದ್ದಿನಿಂದ ಮೊಳಗುತ್ತಿದ್ದವು. ಇಲ್ಲಿಯ ಕಲ್ಲಿದ್ದಲ ಗಣಿಯ ಸುರಂಗಗಳು ಕಡಲಿನ ಅಡಿಯವರೆಗೂ ಚಾಚಿದ್ದವು. 1988ರಲ್ಲಿ ಕಡೆಯ ಹಡಗುಕಟ್ಟೆ ಮುಚ್ಚಿತು. 1993ರಲ್ಲಿ ಗಣಿಯೂ ಮುಚ್ಚಿತು. ಮೋಟಾರು ಕಾರ್ಖಾನೆಯೊಂದು ಬಂದು ಅನೇಕರಿಗೆ ಅನ್ನವಿತ್ತಿತು, ನಿಜ. ಆದರೆ ಊರಿನ ಹೆಸರನ್ನು ಹೊತ್ತು ಹೊರಗೆ ಹೋಗಿ ಸೆಣಸಲು ಉಳಿದದ್ದು, 1879ರಲ್ಲಿ ಹುಟ್ಟಿದ ಕಾಲ್ಚೆಂಡಿನ ಸಂಘ.

ಮುಚ್ಚಿದ ಆ ಗಣಿಯ ನೆಲದ ಮೇಲೆಯೇ 1997ರಲ್ಲಿ ಸಂಘದ ಹೊಸ ಕ್ರೀಡಾಂಗಣವೆದ್ದಿತು. ಅದರ ಹೆಸರು 'ಬೆಳಕಿನ ಕ್ರೀಡಾಂಗಣ'. ಹೊರಗೆ ಡೇವಿ ದೀಪದ ದೊಡ್ಡದೊಂದು ಪ್ರತಿಕೃತಿ ನಿಂತಿದೆ. ಅನಿಲ ತುಂಬಿದ ಸುರಂಗದಲ್ಲಿ ಸ್ಫೋಟಕ್ಕೆ ಎಡೆಗೊಡದಂತೆ, ಜ್ವಾಲೆಯನ್ನು ತಂತಿಯ ಬಲೆಯೊಳಗೆ ಕಾಪಾಡುತ್ತಿದ್ದ ದೀಪವದು. ಪಂದ್ಯ ನೋಡಬರುವವರಲ್ಲಿ ಎಷ್ಟೋ ಮಂದಿಯ ತಂದೆ ತಾತಂದಿರು ಅದನ್ನು ಹಿಡಿದು ನೆಲದಡಿಗೆ ಇಳಿದವರು.

2016ರ ಆಗಸ್ಟಿನಲ್ಲಿ ಸಂಡರ್‌ಲೆಂಡ್ ತಂಡವು ಪ್ರೀಮಿಯರ್ ಲೀಗಿನಲ್ಲಿ ಸತತವಾಗಿ ತನ್ನ ಹತ್ತನೆಯ ಋತುವಿಗೆ ಅಡಿಯಿಟ್ಟಿತು. ಆ ಶ್ರೇಣಿಯಲ್ಲಿ ಆಡುವ ತಂಡಗಳು 20. ಕಡೆಯ ಮೂರು ತಂಡಗಳು ಕೆಳಗಿನ ಶ್ರೇಣಿಗೆ ಇಳಿಯಲೇಬೇಕು. ಕೆಳಗಿಳಿಯದಿರಲು ಹೋರಾಡಬೇಕಾದೀತೆಂದು ಮ್ಯಾನೇಜರ್ ಡೇವಿಡ್ ಮೋಯಸ್ ಎರಡನೆಯ ಪಂದ್ಯ ಮುಗಿದಾಗಲೇ ಒಪ್ಪಿಕೊಂಡರು. ಮೊದಲ 10 ಪಂದ್ಯಗಳಲ್ಲಿ ದೊರೆತ ಅಂಕಗಳು ಎರಡೇ. ಮೊದಲ ಗೆಲುವು ಕಂಡದ್ದು ನವೆಂಬರಿನಲ್ಲಿ, ಬೋರ್ನ್‌ಮತ್ ತಂಡದ ಎದುರಿಗೆ. ಇಡೀ ಋತುವಿನ 38 ಪಂದ್ಯಗಳಲ್ಲಿ ತಂಡ ಹೊಡೆದ ಗೋಲುಗಳು 29. ಅವುಗಳಲ್ಲಿ 15 ಜರ್ಮೇನ್ ಡಿಫೋ ಒಬ್ಬನವೇ. ಒಬ್ಬನ ಹೆಗಲ ಮೇಲೆ ಎಷ್ಟು ದಿನ ಮನೆ ನಿಂತೀತು?

2017ರ ಏಪ್ರಿಲ್ 29ರಂದು ಅದೇ ಬೋರ್ನ್‌ಮತ್ ಇಲ್ಲಿಗೆ ಬಂದಿತು. ಆಟ ಮುಗಿಯಲು ಎರಡೇ ನಿಮಿಷಗಳಿರುವಾಗ ಪಂದ್ಯದ ಏಕೈಕ ಗೋಲು ಬಂದವರ ಪಾಲಾಯಿತು. ಸಂಡರ್‌ಲೆಂಡಿನ ಪತನ ಖಚಿತವಾಯಿತು. 26 ಸೋಲು, 24 ಅಂಕ, ಕಟ್ಟಕಡೆಯ ಸ್ಥಾನ. ಋತು ಮುಗಿಯುತ್ತಲೇ ಮೋಯಸ್ ರಾಜೀನಾಮೆಯಿತ್ತರು.

ಮುಂದಿನ ವರುಷ ತಂಡ ಇನ್ನೂ ಒಂದು ಮೆಟ್ಟಿಲು ಜಾರಿ ಮೂರನೆಯ ಶ್ರೇಣಿಗೆ ಬಿದ್ದಿತು. ಆದರೂ 2018ರ ಕ್ರಿಸ್‌ಮಸ್ಸಿನ ಮರುದಿನ ಅಲ್ಲಿ ಕಿಕ್ಕಿರಿದವರು 46,039 ಮಂದಿ! ಹಡಗುಕಟ್ಟೆ ಹೋದಾಗ, ಗಣಿ ಹೋದಾಗ ತಡೆಯುವ ಶಕ್ತಿ ಊರವರ ಕೈಯಲ್ಲಿರಲಿಲ್ಲ. ತಂಡವನ್ನು ಕೈಬಿಡದಿರುವುದು ಮಾತ್ರ ಅವರ ಕೈಯಲ್ಲಿತ್ತು. ಎಂಟು ವರುಷಗಳ ಬಳಿಕ, 2025ರ ಮೇ ತಿಂಗಳಲ್ಲಿ, ತಂಡವು ಮೇಲಿನ ಶ್ರೇಣಿಗೆ ಮರಳುವ ಹಕ್ಕನ್ನು ಗೆದ್ದುಕೊಂಡಿತು. ಸೋತ ದಿನಗಳಲ್ಲಿಯೂ ಬಾಗಿಲ ಬಳಿಯ ದೀಪವನ್ನು ಹಾದು ಒಳಹೋಗುತ್ತಿದ್ದವರಿಗೇ ಆ ಗೆಲುವು ಸಲ್ಲಬೇಕು.