ದಪ್ಪಕ್ಷರ

ಸಂತೆಯಲ್ಲಿ ಗಂಟಲು ದೊಡ್ಡದಾದವನ ಕಡೆಗೆ ಗಿರಾಕಿಯು ಮೊದಲು ತಿರುಗುವಂತೆ, ಜಾಹೀರಾತಿನಲ್ಲಿ ಮೈದುಂಬಿದ ಅಕ್ಷರಕ್ಕೆ ಕಣ್ಣು ಬೇಗನೆ ಸೋಲುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಎರಕದವರು ಜಾಹೀರಾತಿಗೆಂದೇ ದಪ್ಪಕ್ಷರಗಳನ್ನು ಎರೆದರು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸನು ಮರದ ಅಚ್ಚುಗಳನ್ನು ಯಂತ್ರದಿಂದ ಕೊರೆಯತೊಡಗಿದನು. ಗೋಡೆಯ ಮೇಲಿದ್ದ ಆ ಅಕ್ಷರವೇ ಇಂದು ಅಂಗೈಯಗಲದ ಮೊಬೈಲಿನೊಳಗೆ ನಿಂತು, ಬೆರಳು ಸರಿಸುತ್ತ ಸಾಗುವ ಓದುಗನನ್ನು ಅರೆಗಳಿಗೆ ತಡೆಯುತ್ತದೆ.

ಆದರೆ ಕನ್ನಡ ಲಿಪಿಗೆ ಈ ಸ್ಥೌಲ್ಯವು ಸುಲಭವಾಗಿ ಒಗ್ಗತಕ್ಕುದಲ್ಲ. ಅದಕ್ಕೆ ಮೇಲೆ ತಲೆಕಟ್ಟು, ಗುಡಿಸು; ಕೆಳಗೆ ಒತ್ತಕ್ಷರ. ಗೆರೆ ದಪ್ಪವಾದಷ್ಟೂ ಒಳಗಣ ಬಯಲು ಕಿರಿದಾಗಿ, ಒತ್ತು ಮಸಿಯ ಮುದ್ದೆಯಾಗುತ್ತದೆ. ಮಹಾಪ್ರಾಣದ ಹೊಟ್ಟೆಯ ಸೀಳು ಮುಚ್ಚಿತೆಂದರೆ ‘ಧನ’ವೇ ‘ದನ’! ಬಡ್ಡಿವ್ಯಾಪಾರಿಯು ‘ಧನವೃದ್ಧಿ’ ಎಂದು ಬರೆಯಿಸಿದ ಹಲಗೆಯನ್ನು ಕಂಡು ಗೌಳಿಗನು ಒಳಗೆ ಬಂದರೆ ಆಶ್ಚರ್ಯವಿಲ್ಲ.

ತೆಳು ಅಕ್ಷರವನ್ನು ಗಣಕಯಂತ್ರದಿಂದ ಉಬ್ಬಿಸುವುದು ಬೇರೆ. ಮೊದಲಿನಿಂದಲೂ ದಪ್ಪವಾಗಿಯೇ ರೂಪಿಸುವುದು ಬೇರೆ. ಎರಡನೆಯದರಲ್ಲಿ ಕುಶಲನು ಸೀಳಿಗೂ ಒತ್ತಿಗೂ ಎಡೆಯುಳಿಸಿ ಗೆರೆಯನ್ನು ಅಲ್ಲಲ್ಲಿ ಸಣ್ಣಗೆ ಮಾಡುತ್ತಾನೆ. ಮುಂಬಯಿಯ ಏಕ್ ಟೈಪ್ ಬಳಗವು ಉಚಿತವಾಗಿ ನೀಡಿರುವ ‘ಬಾಲೂ ತಮ್ಮ’ವು ಕನ್ನಡಕ್ಕೆಂದೇ ರೂಪಿಸಿದ ಇಂತಹ ದುಂಡುದಪ್ಪ ಅಕ್ಷರವಾಗಿದೆ.

ಅಂಥದಾದರೂ ಹೆಸರಿಗಷ್ಟೆ ಸಲ್ಲಲಿ. ಬೆಲೆ, ವಿಳಾಸಗಳು ಮೆಲುದನಿಯಲ್ಲಿರಲಿ. ಎಲ್ಲವೂ ಕೂಗಿದಲ್ಲಿ ಯಾವುದೂ ಕೇಳಿಸದು.