ಇಲ್ಲ, ಅಲ್ಲ, ಒಲ್ಲೆ

ಮೃಗಶಿರೆ ಕಳೆದು ಆರಿದ್ರೆ ಹುಟ್ಟಿದರೂ ಹನಿ ಬೀಳದ ವರ್ಷ ಕೂಡ್ಲಿಗಿ ಸೀಮೆಯ ರೈತನು ಮುಗಿಲು ನೋಡಿ ಆಡುವ ಮಾತು ಒಂದೇ: “ಮಳಿ ಬರವಲ್ದು.” ಗ್ರಂಥಭಾಷೆಗೆ ತಂದರೆ ‘ಮಳೆ ಬರಲೊಲ್ಲದು’. ಮಳೆ ಬಂದಿಲ್ಲವೆಂಬ ವರದಿಯಲ್ಲ ಅದು. ಬರಲು ಅದಕ್ಕೆ ಮನಸ್ಸೇ ಇಲ್ಲವೆಂಬ ದೂರು. ಇಂಗ್ಲಿಷ್ ವ್ಯಾಕರಣವನ್ನು ಉರುಹೊಡೆದ ಮೊಮ್ಮಗನಿಗೆ ನಿಷೇಧವೆಂದರೆ ಬಹುಮಟ್ಟಿಗೆ ‘ನಾಟ್’ ಎಂಬ ಒಂದೇ ಮೊಳೆ. ಅದನ್ನು ವಾಕ್ಯದಲ್ಲಿ ಎಲ್ಲಿ ಬಡಿಯಬೇಕೆಂಬುದಷ್ಟೇ ಅವನ ಚಿಂತೆ. ಅಜ್ಜನ ಬಾಯಲ್ಲಾದರೋ ಇಲ್ಲ, ಅಲ್ಲ, ಬೇಡ, ಒಲ್ಲೆ, ಆರೆ, ಕೂಡದು ಎಂಬ ಒಂದು ಬಳಗವೇ ಇದೆ.

ಈ ಬಳಗದ ನೆನಪು ಈಗ ಬರಲು ಕಾರಣವುಂಟು. ನಾಡಿನ ತರುಣರಲ್ಲಿ ಕೊರಿಯನ್ ಭಾಷೆಯನ್ನು ಕಲಿಯುವ ಹಂಬಲ ಹುಟ್ಟಿದೆ. ಕೊರಿಯದ ಹಾಡು, ಕಥಾಚಿತ್ರಗಳು ಅಂಗೈಯ ಫೋನಿಗೇ ಬಂದಿಳಿದಿವೆ. ನೆರೆಯ ಆಂಧ್ರದ ಪೆನುಕೊಂಡದ ಬಳಿ 2019ರಿಂದ ಕಾರುಗಳನ್ನು ತಯಾರಿಸುತ್ತಿರುವ ಕಿಯಾ ಕಾರ್ಖಾನೆಯೂ ಕೊರಿಯದವರದೇ. ಆದರೆ ಹೊಸಬನ ಕೈಗೆ ಸಿಗುವ ಪಾಠಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನದು. ತನ್ನ ಬಾಯಲ್ಲಿಯೇ ಇರುವುದನ್ನು ಅವನು ಇಂಗ್ಲಿಷಿನ ಸುತ್ತುದಾರಿ ಹಿಡಿದು ಹುಡುಕಬೇಕಾಗುತ್ತದೆ.

ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತವನು “ಇದು ಕೊಟ್ಟೂರಿನ ಬಸ್ಸಲ್ಲ” ಎಂದರೆ ಒಂದು ಅರ್ಥ, “ಕೊಟ್ಟೂರಿಗೆ ಬಸ್ಸಿಲ್ಲ” ಎಂದರೆ ಬೇರೆ ಅರ್ಥ. ಮೊದಲನೆಯದನ್ನು ಕೇಳಿದವನು ಇನ್ನೊಂದು ಬಸ್ಸಿಗೆ ಕಾಯುತ್ತಾನೆ. ಎರಡನೆಯದನ್ನು ಕೇಳಿದವನು ಗಂಟು ಹೊತ್ತು ನಡೆಯುತ್ತಾನೆ. ಐದು ವರ್ಷದ ಕೂಸು ಕೂಡ ಇವೆರಡನ್ನು ಅದಲುಬದಲು ಮಾಡದು. ಕೊರಿಯನ್ನಿನಲ್ಲಿಯೂ ಇದೇ ಕವಲು. ‘ಹಾಕ್ಕ್ಯೊ’ ಎಂದರೆ ಶಾಲೆ. ‘ಹಾಕ್ಕ್ಯೊಗಾ ಆನಿಯೆಯೊ’ ಎಂದರೆ ಶಾಲೆಯಲ್ಲ. ‘ಹಾಕ್ಕ್ಯೊಗಾ ಒಪ್ಸೊಯೊ’ ಎಂದರೆ ಶಾಲೆಯಿಲ್ಲ. ಕನ್ನಡಿಗನಿಗೆ ಇದನ್ನು ಕಲಿಸಲು ಅರ್ಧ ಗಳಿಗೆ ಸಾಕು.

ಕ್ರಿಯಾಪದದ ಮಾತು ಸ್ವಲ್ಪ ಬೇರೆ. ‘ಕಾಯೊ’ ಎಂದರೆ ಹೋಗುತ್ತೇನೆ. ಅದರ ಮುಂದೆ ‘ಅನ್’ ಎಂಬುದನ್ನಿಟ್ಟರೆ ‘ಅನ್ ಗಾಯೊ’, ಹೋಗುವುದಿಲ್ಲ. ನಿಷೇಧ ಕ್ರಿಯೆಗೆ ಮೊದಲೇ ಬರುವುದು ನಮ್ಮ ನಾಲಗೆಗೆ ಒಗ್ಗದ ಸಂಗತಿ. ಆದರೆ ಅದೇ ಅರ್ಥಕ್ಕೆ ‘ಕಾಜಿ ಆನಾಯೊ’ ಎಂಬ ದೀರ್ಘರೂಪವೂ ಉಂಟು: ಧಾತುವಿಗೆ ‘ಜಿ’ ಹತ್ತಿಸಿ, ಅದರ ಮೇಲೆ ನಿಷೇಧವನ್ನು ಹೂಡುವುದು. ‘ಹೋಗುವುದು’ ಎಂಬುದಕ್ಕೆ ‘ಇಲ್ಲ’ ಸೇರಿಸುವ ನಮ್ಮ ಕಟ್ಟಡದ ಸರೀಕವೇ ಇದು. ಪುಸ್ತಕಗಳು ‘ಅನ್’ ರೂಪವನ್ನು ಸುಲಭವೆಂದು ಮೊದಲಿಗಿಡುವುದು ವಾಡಿಕೆ. ಕನ್ನಡದ ಹುಡುಗನಿಗೆ ದೀರ್ಘರೂಪವೇ ಮೊದಲು ಬರಲೆಂದರೆ ತಪ್ಪಾಗಲಾರದು. ‘ಕೊಂಗ್‌ಬು ಹೇಯೊ’ (ಅಭ್ಯಾಸ ಮಾಡುತ್ತೇನೆ) ಎಂಬಂಥ ಜೋಡುಪದಗಳಲ್ಲಿ ‘ಅನ್’ ಎಂಬುದು ನಡುವೆ ನುಸುಳಿ ‘ಕೊಂಗ್‌ಬು ಅನ್ ಹೇಯೊ’ ಎಂದಾಗಬೇಕು. ಹೊಸಬರು ಎಡವುವುದು ಇಲ್ಲಿ. ದೀರ್ಘರೂಪದಲ್ಲಿ ಆ ಅಂಜಿಕೆಯೇ ಇಲ್ಲ. ಇನ್ನು ‘ಹೋಗಬೇಡಿ’ ಎನ್ನಲು ‘ಕಾಜಿ ಮಾಸೆಯೊ’ ಎಂಬ ಬೇರೆಯೇ ಪದ. ನಮ್ಮ ‘ಬೇಡ’ದ ಹಾಗೆ ಅದು ಬೇಡಿಕೆ, ಆಜ್ಞೆಗಳಿಗೇ ಮೀಸಲು.

ಇವೆಲ್ಲಕ್ಕಿಂತ ಮಿಗಿಲಾದುದು ‘ಮೋತ್’ ಎಂಬ ಇನ್ನೊಂದು ಪದ. ‘ಮೋತ್ ಗಾಯೊ’ ಎಂದರೆ ಹೋಗಲಾರೆ. ಮನಸ್ಸಿದೆ, ಶಕ್ತಿಯೋ ಅನುಕೂಲವೋ ಇಲ್ಲ. ಮನೆಯವರು ಊಟಕ್ಕೆ ಕರೆದಾಗ ‘ಅನ್ ಗಾಯೊ’ ಎಂದರೆ ಮುಖ ಮುರಿದಂತೆ. ‘ಮೋತ್ ಗಾಯೊ’ ಎಂದರೆ ಕೈಮುಗಿದಂತೆ. ಒಲ್ಲೆ ಮತ್ತು ಆರೆ ಎಂಬೆರಡನ್ನು ಬಲ್ಲ ಭಾಷೆಯವನಿಗೆ ಇದನ್ನು ವಿವರಿಸಬೇಕೆ? ಹಳಗನ್ನಡದಲ್ಲಿ ನಿಷೇಧಕ್ಕೆ ಬೇರೊಂದು ಪದವೂ ಬೇಕಿರಲಿಲ್ಲ. ಕಾಲಸೂಚಕ ಪ್ರತ್ಯಯವನ್ನು ಕಳೆದು ‘ಮಾಡೆಂ’ ಎಂದರೆ ‘ಮಾಡುವುದಿಲ್ಲ’ವೆಂದಾಯಿತು. ಅರಿಯೆ, ಒಲ್ಲೆ, ಕಾಣೆ ಎಂಬವು ಆ ಮನೆತನದ ಉಳಿದ ಕುಡಿಗಳು. ವಚನಗಳನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಇವು ಹೊಸವಲ್ಲ.

ಇಷ್ಟು ಹೋಲಿಕೆಯನ್ನು ಕಂಡು ಮರುಳಾದವರೂ ಇದ್ದಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸರು ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನಂಟು ಕಲ್ಪಿಸಿ 1905ರಲ್ಲಿ ಒಂದು ತೌಲನಿಕ ವ್ಯಾಕರಣವನ್ನೇ ಬರೆದರು. ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೇನು, ಕಲಿಯುವವನಿಗೆ ಹೋಲಿಕೆಯೇ ಸಾಕು.

‘ಒಲ್ಲೆ’ಗೂ ‘ಆರೆ’ಗೂ ಇರುವ ಅಂತರವು ಒಮ್ಮೆ ಸಾವಿರಾರು ಜನರ ಬಾಳಿನ ಪ್ರಶ್ನೆಯಾಗಿ ಕನ್ನಡನಾಡಿನವರೊಬ್ಬರ ಮುಂದೆ ನಿಂತಿತ್ತು. 1953ರ ಜುಲೈ 27ರಂದು ಕೊರಿಯದಲ್ಲಿ ಕದನವಿರಾಮವಾದಾಗ, ಊರಿಗೆ ಮರಳಲು ಒಪ್ಪದ 22,000ಕ್ಕೂ ಮಿಕ್ಕ ಚೀನೀ ಮತ್ತು ಕೊರಿಯದ ಸೆರೆಯಾಳುಗಳನ್ನು ಕಾಯುವ ಹೊಣೆ ಭಾರತದ ಪಡೆಗೆ ಬಂತು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಮರಳುವೆಯಾ ಎಂಬ ಪ್ರಶ್ನೆ, ನಡುವೆ ದುಭಾಷಿ. ಬರುವ ‘ಇಲ್ಲ’ವು ಮನಸಾರೆ ಆಡಿದ ‘ಒಲ್ಲೆ’ಯೋ, ಶಿಬಿರದೊಳಗಿನ ಮುಂದಾಳುಗಳಿಗೆ ಅಂಜಿ ಆಡಿದ ‘ಹೋಗಲಾರೆ’ಯೋ ಎಂದು ತಿಳಿಯುವುದೇ ಅಲ್ಲಿಯ ಕಷ್ಟ. ಕಡೆಗೆ 80ಕ್ಕೂ ಮಿಕ್ಕ ಮಂದಿ ಎರಡೂ ಪಕ್ಷಗಳನ್ನು ಒಲ್ಲದೆ, 1954ರಲ್ಲಿ ಭಾರತದ ಪಡೆಯೊಡನೆ ಈ ದೇಶಕ್ಕೇ ಬಂದರು.

ಅಷ್ಟು ದೂರವೇಕೆ? ಹಡಗಲಿಯಲ್ಲಾಗಲಿ, ಹಗರಿಬೊಮ್ಮನಹಳ್ಳಿಯಲ್ಲಾಗಲಿ ತರಗತಿಯ ಕಡೆಯ ಸಾಲಿನ ಹುಡುಗ “ಲೆಕ್ಕ ಬರಾಂಗಿಲ್ರೀ” ಎಂದರೆ ಅದು ‘ಮೋತ್’. “ಮಾಡಾಂಗಿಲ್ಲ” ಎಂದರೆ ‘ಅನ್’. ಎರಡಕ್ಕೂ ಒಂದೇ ಬೆತ್ತ ಬಿದ್ದ ಕಾಲವೊಂದಿತ್ತು. ‘ನನಗೆ ಬರುವುದಿಲ್ಲ’, ‘ನಾನು ಬರುವುದಿಲ್ಲ’ ಎಂಬೆರಡರ ನಡುವೆ ಇರುವುದು ಒಂದು ವಿಭಕ್ತಿ ಮಾತ್ರ. ಆದರೆ ಮೊದಲನೆಯದನ್ನಾಡಿದವನಿಗೆ ಬೇಕಾದುದು ಬೆತ್ತವಲ್ಲ, ಇನ್ನೊಮ್ಮೆ ಪಾಠ.

ಹೊಸಬನು ಕಡೆಗೆ ಎಡವುವುದು ಮರುನುಡಿಯಲ್ಲಿ. ಕೊರಿಯನ್ನಿನಲ್ಲಿ ಹೌದು ಎನ್ನಲು ‘ನೇ’, ಅಲ್ಲ ಎನ್ನಲು ‘ಆನಿಯೊ’. ಭಾರತೀಯರ ಕಿವಿಗೆ ‘ನೇ’ ಎಂಬುದೇ ನಕಾರದಂತೆ ಕೇಳುತ್ತದೆ. ಅದರ ಮೇಲೆ, “ಓದಲಿಲ್ಲವೇ?” ಎಂದು ಕೇಳಿದರೆ ಓದದವನು ‘ನೇ’ ಎನ್ನಬೇಕು, ಕೇಳಿದವರ ಮಾತು ನಿಜವಾದುದರಿಂದ. ಇಂಗ್ಲಿಷ್ ಮೇಷ್ಟ್ರು ಇಲ್ಲಿ ‘ನೋ’ ಎನ್ನದವನನ್ನು ತಿದ್ದುತ್ತಾರೆ. ಕನ್ನಡದ ಮೇಷ್ಟ್ರು “ಯಾಕಲೇ, ಓದಿಲ್ಲೇನು?” ಎಂದಾಗ ಹುಡುಗ ತಲೆ ತಗ್ಗಿಸಿ “ಹೂನ್ರೀ ಸರ್” ಎನ್ನುತ್ತಾನೆ; ಅವನಿಗೆ ಆ ಪಾಠ ಆಗಲೇ ಬಂದಿದೆ.