ನೆಲ್ಲಿಮರದ ಊರು

ಪರದೇಶದಲ್ಲಿ ಸಂಸಾರ ಹೂಡಿದವರ ಮನೆಗೆ ಊರಿನಿಂದ ಹಿರಿಯರು ಬಂದರೆ ಸಂತೋಷವೂ ಉಂಟು, ಸಣ್ಣದೊಂದು ಚಿಂತೆಯೂ ಉಂಟು. ಮೊದಲನೆಯ ವಾರ ಮಾತಿನಲ್ಲಿ ಕಳೆಯುತ್ತದೆ. ಎರಡನೆಯದು ಊರು ತೋರಿಸುವುದರಲ್ಲಿ. ಮೂರನೆಯ ವಾರಕ್ಕೆ ಸಿಂಗಪುರ ಮುಗಿದೇ ಹೋಗುತ್ತದೆ. ತೀರ್ಥಹಳ್ಳಿಯ ಕಡೆಯ ನನ್ನ ತಾಯಿಗೆ ಇಲ್ಲಿನ ಗಾಜಿನ ಗೋಪುರಗಳೂ ನುಣುಪು ರಸ್ತೆಗಳೂ ಬಹು ಬೇಗ ಸಾಕಾದುವು. "ಎಲ್ಲಾ ನಿನ್ನೆ ಕಟ್ಟಿದ ಹಾಗಿದೆಯಲ್ಲೋ! ಹಳೇದು ಅಂತ ಏನೂ ಇಲ್ವೇನೋ?" ಎಂದರು. ಹಳೆಯದು ಬೇಕೆಂದರೆ ಕಡಲ ಸೇತುವೆ ದಾಟಿ ಮಲೇಷಿಯಕ್ಕೆ ಹೋಗಬೇಕು. ಶನಿವಾರ ಬೆಳಗ್ಗೆ ಅಮ್ಮ, ನಮ್ಮಾಕೆ, ಎಂಟು ವರ್ಷದ ಮಗಳು, ನಾನು, ನಾಲ್ವರೂ ಮಲಾಕಾ ಪಟ್ಟಣದ ಬಸ್ಸು ಹತ್ತಿದೆವು.

ನಾಲ್ಕು ಗಂಟೆಯ ಹಾದಿ. ಎರಡು ಕಡೆ ಗಡಿ ತಪಾಸಣೆ ಮುಗಿಸಿಕೊಳ್ಳುವುದೊಂದೇ ತೊಡಕು. ಆಮೇಲೆ ದಾರಿಯುದ್ದಕ್ಕೂ ಎಣ್ಣೆತಾಳೆಯ ತೋಟ. ಅಮ್ಮ ಮೊದಲು ಅಡಿಕೆತೋಟವೆಂದು ಹಿಗ್ಗಿದರು. ಅಲ್ಲವೆಂದು ತಿಳಿದ ಮೇಲೆ ಕಣ್ಣುಮುಚ್ಚಿಕೊಂಡರು.

ಮಲಾಕಾ ಕಣ್ಣಿಗೆ ಬೀಳುವುದೇ ಕೆಂಪಾಗಿ. ಊರ ನಡುವಿನ ಚೌಕದಲ್ಲಿ ಡಚ್ಚರ ಹಳೆಯ ಆಡಳಿತ ಭವನ ಕೆಂಪು. ಪಕ್ಕದಲ್ಲಿ 1753ರ ಇಗರ್ಜಿಯೂ ಕೆಂಪು. ತಮಾಷೆಯೆಂದರೆ ಈ ಬಣ್ಣ ಡಚ್ಚರದಲ್ಲ. ಅವರ ಕಾಲದಲ್ಲಿ ಇವೆಲ್ಲ ಬಿಳಿಯ ಕಟ್ಟಡಗಳು. ಕೆಂಪು ಬಳಿದದ್ದು ಆಮೇಲೆ ಬಂದ ಆಂಗ್ಲರ ಆಳಿಕೆಯಲ್ಲಿ. ಆ ಕೆಂಪಿನ ಮುಂದೆ ಮೂರು ಗಾಲಿಯ ಸೈಕಲ್ ಗಾಡಿಗಳ ಸಾಲು. ಒಂದೊಂದಕ್ಕೂ ತಲೆಯಿಂದ ಕಾಲಿನವರೆಗೆ ಕಾಗದದ ಹೂವು, ಬೊಂಬೆ, ಬಣ್ಣದ ದೀಪ. ಜೊತೆಗೆ ಕಿವಿ ಕಿವುಡಾಗುವಂಥ ಹಾಡು. "ಮದುವೆ ದಿಬ್ಬಣ ಎಲ್ಲಿಗೆ ಹೊರಟಿದೆಯೋ!" ಎಂದರು ಅಮ್ಮ. ಆದರೂ ಮೊಮ್ಮಗಳೊಡನೆ ಹತ್ತಿ ಕೂತರು.

ಚೌಕದಿಂದ ಸ್ವಲ್ಪ ದೂರದಲ್ಲಿ ಒಂದು ಮರದ ಕೆಳಗೆ ಗಾಡಿ ನಿಂತಿತು. ಅಮ್ಮ ಎಲೆಯನ್ನು ಎಳೆದು ನೋಡಿ, "ಇದು ನಮ್ಮ ಬೆಟ್ಟದ ನೆಲ್ಲಿ ಅಲ್ದೇನೋ!" ಎಂದು ಉದ್ಗಾರ ತೆಗೆದರು. ಹೌದು, ನೆಲ್ಲಿಯೇ. ಮಲಯ ಭಾಷೆಯಲ್ಲಿ ಅದರ ಹೆಸರು 'ಮೆಲಾಕ'; ಸಂಸ್ಕೃತದ 'ಆಮಲಕ'ವೇ ಅದರ ಮೂಲವೆಂದು ಬಲ್ಲವರ ಮಾತು. ಊರಿಗೆ ಹೆಸರು ಬಂದದ್ದೂ ಈ ಮರದಿಂದಲೇ. ಸುಮಾರು 1400ರಲ್ಲಿ ಸುಮಾತ್ರದಿಂದ ರಾಜ್ಯ ಕಳೆದುಕೊಂಡು ಬಂದ ಪರಮೇಶ್ವರನೆಂಬ ರಾಜಕುಮಾರ ನೆಲ್ಲಿಮರದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದನಂತೆ. ಅವನ ಬೇಟೆನಾಯಿ ಅಂಗೈಯಗಲದ ಕಾಡುಪ್ರಾಣಿಯೊಂದನ್ನು ಅಟ್ಟಿಕೊಂಡು ಬಂತು. ಆ ಪುಟ್ಟ ಪ್ರಾಣಿ ತಿರುಗಿ ಒದ್ದ ಒದೆತಕ್ಕೆ ನಾಯಿ ಹೊಳೆಗೆ ಬಿತ್ತು! ಇದು ಗಂಡುಭೂಮಿಯೆಂದು ಪರಮೇಶ್ವರ ಅಲ್ಲಿಯೇ ಊರು ಕಟ್ಟಿದ. ಇಂದಿಗೂ ಮಲಾಕಾ ರಾಜ್ಯದ ಲಾಂಛನದಲ್ಲಿ ಆ ಪ್ರಾಣಿಯೂ ಇದೆ, ನೆಲ್ಲಿಮರವೂ ಇದೆ.

ಕಥೆ ಕೇಳಿ ಅಮ್ಮ ನಕ್ಕರು. "ಹಂಪೆಯಲ್ಲಿ ಮೊಲ ನಾಯಿಗಳನ್ನು ಅಟ್ಟಿಸಿಕೊಂಡು ಹೋಗಲಿಲ್ವೆ? ಅದೇ ಕಥೆ ಹಡಗು ಹತ್ತಿ ಬಂದಿದೆ." ಮಗಳಿಗೆ ಲಾಂಛನದ ಪ್ರಾಣಿಯ ಇಂಗ್ಲಿಷ್ ಹೆಸರು ಗೊತ್ತಿತ್ತು, ಕನ್ನಡದ್ದು ನನಗೂ ಗೊತ್ತಿರಲಿಲ್ಲ. ಅಮ್ಮ ಚಿತ್ರ ನೋಡಿದವರೇ, "ಬರ್ಕ ಕಣೇ. ನಮ್ಮ ಕಾಡಿನಲ್ಲಿ ಬೇಕಾದಷ್ಟಿದ್ವು" ಎಂದುಬಿಟ್ಟರು.

ಇಲ್ಲಿ ಸ್ವಲ್ಪ ಮನೆಯ ವಿಷಯ ಹೇಳಬೇಕು. ಸಿಂಗಪುರದ ಶಾಲೆಗಳಲ್ಲಿ ಮಕ್ಕಳಿಗೆ ತಾಯಿನುಡಿಯ ಪಾಠ ಕಡ್ಡಾಯ. ಆದರೆ ಆ ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮ ಮಗಳು 'ತಾಯಿನುಡಿ'ಯೆಂದು ಹಿಂದಿ ಕಲಿಯುತ್ತಾಳೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಇದು ಅಮ್ಮನ ಮನಸ್ಸಿನಲ್ಲಿ ಬಂದ ದಿನದಿಂದ ಮುಳ್ಳಿನಂತೆ ಚುಚ್ಚುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮಧ್ಯಾಹ್ನ ಹೊಳೆಯಾಚೆಯ ಹಳೆಯ ಪೇಟೆಗೆ ಹೋದೆವು. ಅಕ್ಕಸಾಲಿಗರ ಬೀದಿಯೆಂದು ಅದರ ಹೆಸರು. 1748ರ ಮಸೀದಿ, ಹದಿನೇಳನೆಯ ಶತಮಾನದಷ್ಟು ಹಳೆಯ ಚೀನೀ ದೇವಾಲಯ, ಡಚ್ಚರು ಕೊಟ್ಟ ಜಾಗದಲ್ಲಿ 1781ರಲ್ಲಿ ಕಟ್ಟಿದ ವಿನಾಯಕನ ಗುಡಿ, ಮೂರೂ ನಾಲ್ಕು ಹೆಜ್ಜೆಯ ಅಂತರದಲ್ಲಿವೆ. ಗುಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೈಮುಗಿದು ನಿಂತಿದ್ದರು. ಹಣೆಯಲ್ಲಿ ವಿಭೂತಿ, ಉಡುಗೆ ಮಾತ್ರ ಮಲಯರ ಸರೋಂಗು, ಮೇಲೊಂದು ಹೂಕಸೂತಿಯ ಕುಪ್ಪಸ. ಅಮ್ಮ ಬೆಂಗಳೂರಿನಲ್ಲಿ ಕಲಿತ ನಾಲ್ಕು ತಮಿಳು ಮಾತನ್ನು ಪ್ರಯೋಗಿಸಿದರು. ಆಕೆ ನಕ್ಕು, ಹರಕು ಇಂಗ್ಲಿಷಿನಲ್ಲಿ, "ನನಗೆ ತಮಿಳು ಬಾರದು. ನನ್ನ ಅಜ್ಜಿಗೂ ಬರುತ್ತಿರಲಿಲ್ಲ" ಎಂದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಮ್ಮನ ಮುಖ ಸಣ್ಣದಾಯಿತು.

ಆಕೆ ಚೆಟ್ಟಿಯರ ಪಂಗಡದವರು. ಈ ಊರಿನ ಇತಿಹಾಸವೆಲ್ಲ ಗಾಳಿಯ ಇತಿಹಾಸ. ನಮ್ಮ ನಾಡಿನ ಕಡೆಯ ಹಡಗುಗಳು ಒಂದು ಮಾರುತದಲ್ಲಿ ಬರುತ್ತಿದ್ದುವು, ಚೀನದವು ಇನ್ನೊಂದರಲ್ಲಿ. ಮರಳಬೇಕಾದರೆ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾದವರು ಮನೆ ಮಾಡಿದರು, ಇಲ್ಲಿನ ಹೆಣ್ಣುಗಳನ್ನು ಮದುವೆಯಾದರು. ಈ ಬಂದರಿನಲ್ಲಿ ಎಂಬತ್ತನಾಲ್ಕು ಭಾಷೆ ಕೇಳುತ್ತವೆಂದು ತೊಮೆ ಪಿರೆಸ್ ಎಂಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ. ಗೋವೆಯನ್ನು ಗೆದ್ದ ಮರುವರ್ಷ, 1511ರಲ್ಲಿ, ಅಲ್ಬುಕರ್ಕನು ಊರನ್ನು ಹಿಡಿದ. 1641ರಲ್ಲಿ ಡಚ್ಚರು ಕಿತ್ತುಕೊಂಡರು. 1824ರ ಒಪ್ಪಂದದಲ್ಲಿ ಅದು ಆಂಗ್ಲರದಾಯಿತು. ಧಣಿಗಳು ಬದಲಾಗುವಷ್ಟರಲ್ಲಿ ಚೆಟ್ಟಿಯರ ವ್ಯಾಪಾರ ಕೈಜಾರಿತು. ಹಲವರು ಬೇಸಾಯಕ್ಕೆ ಇಳಿದರು. ತಮಿಳುನಾಡಿನ ಹಾದಿ ಮರೆಯಿತು, ಮನೆಮಾತು ಮಲಯವಾಯಿತು. ಆದರೂ ದೇವರು ಬದಲಾಗಲಿಲ್ಲ. ಪೊಂಗಲಿನ ಹಿಂದಿನ ದಿನ ಇಂದಿಗೂ ಗತಿಸಿದ ಹಿರಿಯರಿಗೆ ಬಾಳೆಯೆಲೆಯ ಮೇಲೆ ಎಡೆ ಇಡುತ್ತಾರೆ.

ಸಂಜೆ ಬೀದಿಯಂಗಡಿಯಲ್ಲಿ ಚೆಂಡೋಲ್ ಎಂಬುದನ್ನು ತಿಂದೆವು: ಹಸಿರು ಶ್ಯಾವಿಗೆಯಂಥದು, ತೆಂಗಿನ ಹಾಲು, ತಾಳೆಬೆಲ್ಲದ ಪಾಕ, ಮೇಲೆ ಪುಡಿಮಾಡಿದ ಮಂಜುಗಡ್ಡೆ. "ಶ್ಯಾವಿಗೆ, ಕಾಯಿಹಾಲು! ಮಂಜುಗಡ್ಡೆಯೊಂದು ಬೇಡವಾಗಿತ್ತು" ಎಂದು ಅಮ್ಮ ಬಟ್ಟಲು ಖಾಲಿ ಮಾಡಿದರು. ಆಮೇಲೆ ಮೆಲ್ಲಗೆ, "ಮಾತು ಹೋದರೂ ಎಡೆ ಉಳಿಸಿಕೊಂಡರಲ್ಲ, ಪುಣ್ಯವಂತರು" ಎಂದರು. ನಮ್ಮಾಕೆ ಒಪ್ಪಲಿಲ್ಲ. "ಅವರದು ಮಾತು ಹೋದದ್ದಲ್ಲ ಅತ್ತೆ. ಅವರ ತಾಯಂದಿರು ಮಲಯದವರು. ತಾಯಿ ಆಡಿದ್ದನ್ನೇ ಮಕ್ಕಳು ಆಡಿದರು. ತಾಯಿನುಡಿ ಅಂದರೆ ಅದೇ ಅಲ್ವೆ?"

ರಾತ್ರಿ ಹೋಟೆಲಿನ ಕೋಣೆಯಲ್ಲಿ ನನಗೆ ಇದೇ ಯೋಚನೆ. ಅವಳು ಹೇಳಿದ್ದು ನಿಜ. ಚೆಟ್ಟಿಯರನ್ನು ಯಾರೂ ದೂರಲಾರರು. ಅವರ ಅಡಿಗೆಮನೆಯಲ್ಲಿ ತಮಿಳು ಇರಲೇ ಇಲ್ಲ, ಅವರ ಹಡಗುಗಳೂ ನಿಂತುಹೋದುವು. ನಮ್ಮ ಅಡಿಗೆಮನೆಯಲ್ಲಿ ಕನ್ನಡವಿದೆ. ನಮ್ಮ ವಿಮಾನಗಳಿಗೆ ಗಾಳಿ ತಿರುಗುವ ಹಂಗಿಲ್ಲ. ನಮ್ಮ ಮನೆಯಲ್ಲಿ ಮಾತು ಸತ್ತರೆ ಯಾವ ಮಾರುತದ ಮೇಲೂ ತಪ್ಪು ಹೊರಿಸುವಂತಿಲ್ಲ. ಶಾಲೆಯ ಪಟ್ಟಿಯನ್ನು ದೂರಬಹುದು, ಆದರೆ 'ಬರ್ಕ'ವನ್ನು ಯಾವ ಶಾಲೆಯೂ ಕಲಿಸುವುದಿಲ್ಲ.

ಭಾನುವಾರ ಪೋರ್ಚುಗೀಸರ ಕೋಟೆಯನ್ನು ನೋಡಿದೆವು. ಕೋಟೆಯೆಂದರೆ ಈಗ ಒಂದೇ ಬಾಗಿಲು; ಉಳಿದದ್ದನ್ನು ಆಂಗ್ಲರು 1807ರಲ್ಲಿ ಉರುಳಿಸಿದರು. ಕಲ್ಲು ನಮ್ಮ ಕರಾವಳಿಯದೇ, ಜಂಬಿಟ್ಟಿಗೆ. ಅಮ್ಮ ಅದನ್ನು ಸವರಿ ನೋಡಿದರು.

ಬಸ್ಸು ಹೊರಟಾಗ ಕತ್ತಲಾಗಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಕನ್ನಡದಲ್ಲೇ, "ಅಜ್ಜಿ, ಬರ್ಕದ ಕಥೆ ಇನ್ನೊಂದ್ ಸಲ ಹೇಳು" ಎಂದಳು. ಅಮ್ಮ ಹೇಳತೊಡಗಿದರು. ನೆಲ್ಲಿಮರ, ನಾಯಿ, ಒದೆತ, ಎಲ್ಲ ಸರಿಯಾಗಿಯೇ ಇತ್ತು. ಆದರೆ ನಾಯಿ ಬಿದ್ದ ಹೊಳೆ ಅಷ್ಟರಲ್ಲೇ ತುಂಗೆಯಾಗಿತ್ತು. ತಿದ್ದಲು ನಾನು ಹೋಗಲಿಲ್ಲ.